ಕರಡಿಗೆಯ ಕೊಳವೆ ಹುಳಗಳು

ನೀರಿನ ಕೆಳಗೆ ಕಂಡದ್ದಕ್ಕೆಲ್ಲ ಹೆಸರು ಕೇಳಿಕೊಂಡು ಹುಸೇನಪೀರ ನನ್ನ ಹತ್ತಿರ ಬರುತ್ತಿದ್ದ. ನಾನು ಬೆಳಗಾವಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್. ಜಿರಳೆ, ಕಪ್ಪೆ ಕೊಯ್ದು ಹುಡುಗರಿಗೆ ತೋರಿಸುವುದು, ಫಾರ್ಮಾಲಿನ್ ಬಾಟಲಿಗಳಿಗೆ ಚೀಟಿ ಅಂಟಿಸುವುದು, ಐದು ಹೊಡೆದ ಕೂಡಲೇ ಓಡಿಹೋಗಿ ಇಬ್ಬರು ಮಕ್ಕಳಿಗೆ ರೊಟ್ಟಿ ಬಡಿಯುವುದು. ಯಜಮಾನರದು ಊರಾಚೆ ಮಚ್ಛೆಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವರು ಮನೆಗೆ ಬಂದಾಗ ನಾನು ಹೊರಟಿರುತ್ತಿದ್ದೆ, ನಾನು ಬಂದಾಗ ಅವರು. ಸಮುದ್ರವನ್ನು ನಾನು ಕಂಡದ್ದು ಒಂದೇ ಸಲ, ಬಿಎಸ್ಸಿಯಲ್ಲಿದ್ದಾಗ ಕಾರವಾರದ ಪ್ರವಾಸದಲ್ಲಿ. ಮೊಣಕಾಲಿನ ಮೇಲೆ ಸೀರೆ ತೊಯ್ಯಲು ಬಿಟ್ಟಿರಲಿಲ್ಲ.

ಹುಸೇನಪೀರ ಖಾನಾಪುರದವನು. ನೌಕಾದಳದಲ್ಲಿ ಮುಳುಗುವ ಕೆಲಸ ಕಲಿತು, ಅದನ್ನು ಬಿಟ್ಟಮೇಲೆ ಗೋವಾದಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಅದೇ ಕೆಲಸ ಮಾಡುತ್ತಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು, ಹಡಗಿನ ತಳ ನೋಡುವುದು, ಮುಳುಗಿದ ಸಾಮಾನು ಹುಡುಕಿ ತೆಗೆಯುವುದು. ಓದಿದ್ದು ಏಳನೆಯ ಇಯತ್ತೆ. ಆದರೆ ಸೊಂಟಕ್ಕೆ ಪ್ಲಾಸ್ಟಿಕ್ಕಿನ ಪಾಟಿಯೊಂದನ್ನು ಕಟ್ಟಿಕೊಂಡು ಹೋಗಿ, ಕೆಳಗೆ ಕಂಡ ಹುಳುಹುಪ್ಪಡಿಯನ್ನೆಲ್ಲ ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತಿದ್ದ. ರಜೆಗೆ ಬಂದಾಗ ನನ್ನ ಮೇಜಿನ ಮುಂದೆ ನಿಂತು, ಇದಕ್ಕೇನಂತಾರ, ಇದಕ್ಕೇನಂತಾರ ಎಂದು ಕೇಳುವನು. ಹೆಸರು ಹೇಳಿದರೆ, ಕಳೆದುಹೋದ ವಸ್ತು ಸಿಕ್ಕವನಂತೆ ಮುಖ ಅರಳಿಸುವನು.

ಒಮ್ಮೆ ಕಪ್ಪು ಬೀಸಣಿಗೆಯಂಥ ಒಂದು ಪ್ರಾಣಿಯ ಚಿತ್ರ ತಂದಿದ್ದ. ಇದ್ದ ಎರಡು ಪುಸ್ತಕಗಳನ್ನು ಮೂರು ದಿನ ತಿರುವಿದರೂ ಸಿಗಲಿಲ್ಲ. ಆಮೇಲೆ ಹೊಳೆಯಿತು: ಆಳದಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ. ನಾನು ಕಪ್ಪನ್ನು ಹುಡುಕುತ್ತಿದ್ದೆ, ಅಲ್ಲಿದ್ದದ್ದು ಕೆಂಪು. ಅವನಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ನಾ ಕಣ್ಣಿಲೆ ನೋಡಿ ತಪ್ಪ ಹೇಳೀನಿ, ನೀವು ಕಾಣದ ಬರೋಬರಿ ಹೇಳೀರಿ. ಹೆಂಗ್ರಿ ಅಕ್ಕಾರ?”

ಅಂದಿನಿಂದ, ಅಕ್ಕಾರು ನೋಡಿದರೆ ಮುಗಿಯಿತು, ತಪ್ಪುವುದಿಲ್ಲ ಎಂಬುದು ಅವನ ನಂಬಿಕೆ. ಆ ನಂಬಿಕೆಯೇ ಕರಡಿಗೆಯನ್ನು ನನ್ನ ಮೇಜಿಗೆ ತಂದಿತು.

ಅದು ಎಂಬತ್ತರ ಜನವರಿ, ಕೊನೆಯ ಗುರುವಾರ. ಪ್ರಾಕ್ಟಿಕಲ್ ಮುಗಿದು ಹುಡುಗರು ಹೋಗಿದ್ದರು. ನಮ್ಮ ಲ್ಯಾಬಿನ ಜವಾನ ಮದಾರಸಾಬ ಟ್ರೇ ತೊಳೆಯುತ್ತಿದ್ದವನು ಬಾಗಿಲ ಕಡೆ ನೋಡಿ ಕೂಗಿದ.

“ಬರ್ರಿ ಹುಳದ ಸಾಹೇಬ್ರ! ಯಾವಾಗ ನೋಡಿದ್ರೂ ಹುಳಾನ ತರ್ತೀರಲ್ಲ, ಒಮ್ಮಿಯರ ಮೀನಾ ತರ್ರಿ. ಮನ್ಯಾಗ ಸಾರರ ಆಕ್ಕೈತಿ.”

ಹುಸೇನಪೀರ ನಗಲಿಲ್ಲ. ಒದ್ದೆ ಗೋಣಿತಾಟು ಸುತ್ತಿದ ಭರಣಿಯೊಂದನ್ನು ಎರಡೂ ಕೈಗಳಿಂದ ಮೇಜಿನ ಮೇಲಿಟ್ಟ. ಅಂಗಡಿಯಲ್ಲಿ ಪೆಪ್ಪರ್‌ಮಿಂಟ್ ಹಾಕಿಡುವ ಗಾಜಿನ ಭರಣಿ. ಗೋಣಿತಾಟು ತೆಗೆದ. ಒಳಗೆ ಸಮುದ್ರದ ನೀರು. ತಳದಲ್ಲಿ ಮೋಸಂಬಿ ಗಾತ್ರದ, ದುಂಡನೆಯ ಏನೋ ಒಂದು, ಅದರ ಮೇಲೆಲ್ಲ ಶಾವಿಗೆ ಸುತ್ತಿದ ಹಾಗೆ ಬಿಳಿಯ ಸುಣ್ಣದ ಕೊಳವೆಗಳು. ಒಂದೊಂದು ಕೊಳವೆಯ ಬಾಯಲ್ಲೂ ಕೇಸರಿ ಪಟ್ಟೆಯ ಸಣ್ಣ ತುರಾಯಿ. ನಾನು ಬಾಗಿದೆ. ನಲವತ್ತೋ ಐವತ್ತೋ ತುರಾಯಿಗಳು ಒಂದೇ ಕ್ಷಣದಲ್ಲಿ ಮಾಯವಾದವು.

“ನಿಮ್ಮ ನೆರಳ ಬಿತ್ತಲ್ರಿ, ಅದಕ್ಕ ಒಳಗ ಹೊಕ್ಕುವು,” ಎಂದ ಹುಸೇನಪೀರ.

ಕೊಳವೆ ಹುಳ. ನಮ್ಮ ಕಪಾಟಿನ ನಲವತ್ತೊಂದನೆಯ ಬಾಟಲಿಯಲ್ಲಿ ಅದರ ಒಂದು ತುಂಡಿದೆ, ಬೆಂದ ಅನ್ನದ ಬಣ್ಣದ್ದು. ಹನ್ನೊಂದು ವರ್ಷ ಅದಕ್ಕೆ ಚೀಟಿ ಬದಲಿಸಿದ್ದೇನೆ, ಪರೀಕ್ಷೆಗೆ ಇಟ್ಟಿದ್ದೇನೆ, ಅಂಕ ಕೊಟ್ಟಿದ್ದೇನೆ. ಅದು ಹೀಗೆ ಅರಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಅಷ್ಟೇ. ಉಸಿರು ಬಿಗಿಹಿಡಿದು ಕಾದೆ. ಒಂದು, ಎರಡು, ಆಮೇಲೆ ಎಲ್ಲ ತುರಾಯಿಗಳೂ ಹೊರಬಂದವು. ಭರಣಿಯನ್ನು ಮೆಲ್ಲಗೆ ತಿರುಗಿಸಿದೆ. ಹುಳ ಕಟ್ಟದ ಒಂದು ಬದಿಯಲ್ಲಿ ಕೆತ್ತಿದ ಮೂರು ಅಡ್ಡಗೆರೆ, ಕೆಳಗೆ ಬಿಲ್ವದ ಎಲೆ.

ನನ್ನ ಕೈ ತಾನಾಗಿ ಹಿಂದೆ ಬಂತು. ನಮ್ಮದೂ ಲಿಂಗ ಕಟ್ಟುವ ಮನೆತನ. ಅದು ಕರಡಿಗೆ. ಕೊರಳಲ್ಲಿ ಇಷ್ಟಲಿಂಗವನ್ನು ಹಾಕಿಕೊಳ್ಳುವ ಡಬ್ಬಿ. ಬೆಳ್ಳಿಯದಲ್ಲ, ಕಟ್ಟಿಗೆಯದು.

“ಯಾರ್ದೋ ಇದು?”

“ನಮ್ಮ ಸಿದರಾಯಂದ್ರಿ.”

ಅವನು ಹೇಳಿದ್ದು ಇಷ್ಟು. ಸಿದರಾಯ ಅವನ ಓಣಿಯವನು, ಬಡಿಗತನ ಮಾಡುವ ಸತ್ಯಪ್ಪನವರ ಒಬ್ಬನೇ ಮಗ. ಗೋವಾದಲ್ಲಿ ಅದಿರು ಸಾಗಿಸುವ ದೊಡ್ಡ ದೋಣಿ, ಬಾರ್ಜಿನ ಮೇಲೆ ಅವನಿಗೆ ಕೆಲಸ ಹಚ್ಚಿಕೊಟ್ಟವನು ಹುಸೇನಪೀರನೇ. ಹೋದ ಮೇ ತಿಂಗಳ ಕೊನೆಗೆ ಗಾಳಿ ಎದ್ದು, ಮಾಂಡೋವಿ ನದಿ ಸಮುದ್ರ ಸೇರುವಲ್ಲಿ ಆ ಬಾರ್ಜು ಮುಳುಗಿತು. ಆರು ಜನರಲ್ಲಿ ಐವರ ಹೆಣ ಸಿಕ್ಕವು. ಸಿದರಾಯನದು ಸಿಗಲಿಲ್ಲ. ಆಮೇಲೆ ಮಳೆಗಾಲ, ಯಾರೂ ಇಳಿಯುವಂತಿರಲಿಲ್ಲ. ಈ ಜನವರಿಯಲ್ಲಿ ಬಾರ್ಜನ್ನು ಎತ್ತುವ ಮುಂಚೆ ಒಳಗೆ ನೋಡಿ ಬಾ ಎಂದು ಗುತ್ತಿಗೆದಾರ ಹುಸೇನಪೀರನನ್ನು ಕಳಿಸಿದ್ದ.

“ಕ್ಯಾಬಿನ್ನಿನ ಗೋಡಿಗೆ ಒಂದು ಹಲಗಿ ಐತ್ರಿ. ಅದರ ಮ್ಯಾಲೆ ಇತ್ತು. ದೇವರ ಜಗಲಿ ಮ್ಯಾಲೆ ಇಟ್ಟಂಗ, ನೆಟ್ಟಗ. ಟಾರ್ಚ್ ಹಿಡದೆ. ಹುಳಾ ಎಲ್ಲಾ ಅರಳಿದ್ದುವು. ನಾನು ಅಲುಗಾಡಲಿಲ್ರಿ, ಟಾರ್ಚೂ ಅಲುಗಾಡಲಿಲ್ಲ. ಒಮ್ಮಿದೊಮ್ಮೆಲೆ ಎಲ್ಲಾ ಒಳಗ ಹೋದುವು.”

“ಮೀನು ಹಾದಿರಬೇಕು.”

“ನಾನೂ ಹಂಗ ಅನ್ಕೊಂಡೆ. ಮತ್ತ ಅರಳಿದುವು, ಮತ್ತ ಹೋದುವು. ನನಗೂ ಅದಕ್ಕೂ ನಡುವ ಯಾರೋ ಆ ಕಡಿಂದ ಈ ಕಡಿ ಅಡ್ಡಾಡಿದಂಗ. ಹನ್ನೆರಡು ವರ್ಷ ಆತ್ರಿ ಇಳ್ಯಾಕ ಹತ್ತಿ. ಹಿಂಗ ಎಂದೂ ಹೆದರಿಲ್ಲ.” ಅವನು ಟ್ರೇಯ ಅಂಚನ್ನು ಹಿಡಿದುಕೊಂಡ. “ತಗೊಂಡು ಮ್ಯಾಲೆ ಬಂದಬಿಟ್ಟೆ.”

ಮದಾರಸಾಬ ನಲ್ಲಿ ಬಂದ್ ಮಾಡಿ, ಕೇಳುತ್ತ ನಿಂತಿದ್ದ.

“ಇದ್ನ ನನಗ್ಯಾಕ ತಂದಿ? ಅವರ ಮನಿಗೆ ಕೊಡಬೇಕಲ್ಲ.”

“ಕೊಟ್ಟಿದ್ದೆನ್ರಿ. ಅದ ಗದ್ಲ ಆಗೇತಿ.” ಹುಸೇನಪೀರ ಸ್ಟೂಲಿನ ಮೇಲೆ ಕುಳಿತ. “ಸಿದರಾಯನ ಹೇಣ್ತಿ ಬಾಳವ್ವ ಬಸರಿ ಅದಾಳ್ರಿ. ಆರನೇ ತಿಂಗಳು. ಶ್ರಾವಣದಾಗ ಒಂದಿನ ಗಂಡ ಮನಿಗೆ ಬಂದಿದ್ದ ಅಂತಾಳ. ಸತ್ಯಪ್ಪ ಕಾಕಾ ಇಷ್ಟ ದಿನಾ ಅರ್ಧಾ ನಂಬಿ ಅರ್ಧಾ ಬಿಟ್ಟು ಸುಮ್ಮ ಇದ್ರು. ಬದಕ್ಯಾನ ಅಂತ ಆಶಾ ಇತ್ತಲ್ರಿ. ಈಗ ನಾ ಈ ಕರಡಿಗಿ ಒಯ್ದು ಮುಂದ ಇಟ್ಟೆ. ನೀರಿನ ತಳದಾಗ ಸಿಕ್ತು ಅಂದೆ, ಬಾರ್ಜಿನ ಒಳಗ ಅಂತ ಹೇಳಲಿಲ್ಲ. ನಮ್ಮ ಸಿದರಾಯ ಲಿಂಗ ಬಿಟ್ಟ ಒಂದ ಹೆಜ್ಜಿ ಇಡಾಂವಲ್ಲ, ಲಿಂಗ ಎಲ್ಲೈತೋ ಅಲ್ಲೇ ಅಂವನೂ ಅದಾನ ಅಂದ್ರು. ಹಂಗಾರ ಶ್ರಾವಣದಾಗ ಬಂದಾಂವ ಯಾರು?”

ನನಗೆ ಅರ್ಥವಾಯಿತು. ಎಂಟನೆಯ ತಿಂಗಳಲ್ಲಿ ಬಸುರಿಯ ಹೊಟ್ಟೆಯಲ್ಲಿನ ಕೂಸಿಗೆ ಲಿಂಗ ಕಟ್ಟುತ್ತಾರೆ. ಕೂಸು ಮನೆಯದು ಎಂದು ಮನೆ ಒಪ್ಪಿಕೊಳ್ಳುವ ದಿನ ಅದು.

“ಸೋಮವಾರ ಮಠದ ಈರಯ್ಯನವರು ಬಂದು ಕರಡಿಗಿ ತಗೀತಾರ. ಕಾಕಾ ಹುಳದ ಮನಿ ನೋಡಿ, ಇದು ಯಾವಾಗಿಂದ ನೀರಾಗ ಐತಿ ಅಂತ ಹೇಳಾವ್ರು ಯಾರರ ಅದಾರೇನು ಅಂತ ಕೇಳಿದ್ರು. ನನ್ನ ಬಾಯಿಗೆ ಹುಳಾ ಬೀಳಲಿ, ನಾ ನಿಮ್ಮ ಹೆಸರ ಹೇಳಿಬಿಟ್ಟೆ. ಶ್ರಾವಣದ ಆಚಿಂದ ಅಂದ್ರ ಬಾಳವ್ವ ಉಳೀತಾಳ. ಈಚಿಂದ...” ಅವನು ಮಾತು ನಿಲ್ಲಿಸಿ, ಕೈ ತಿರುಗಿಸಿ, “ತಪ್ಪಿದೆನ್ರಿ. ಶ್ರಾವಣ ಮುಗದಮ್ಯಾಲೆ ನೀರಿಗೆ ಬಿದ್ದದ್ದು ಅಂದ್ರ ಆಕಿ ಉಳೀತಾಳ. ಮದಲ ಬಿದ್ದದ್ದು ಅಂದ್ರ ಆಕಿನ್ನ ಹೊರಗ ಹಾಕ್ತಾರ. ತವರಾಗ ಯಾರೂ ಇಲ್ಲ ಆಕಿಗೆ.”

ನಾನು ಭೂತಗನ್ನಡಿ ತೆಗೆದುಕೊಂಡೆ. ಸಮುದ್ರದ ವಸ್ತುವಿನ ಮೇಲೆ ಯಾರು ಮೊದಲು ಕುಳಿತರು, ಅವರ ಮೇಲೆ ಯಾರು ಕುಳಿತರು ಎಂದು ಓದಿದರೆ ತಿಂಗಳುಗಳು ಸಿಗುತ್ತವೆ. ಇದೇನೂ ದೊಡ್ಡ ವಿದ್ಯೆಯಲ್ಲ. ಎಲ್ಲದರ ಮೇಲೆ ಜೀವಂತ ಕೊಳವೆ ಹುಳಗಳು, ಮಳೆಗಾಲ ಕಳೆದು ನೀರು ಮತ್ತೆ ಉಪ್ಪಾದ ಮೇಲೆ ಬಂದವು. ಅವುಗಳ ಕೆಳಗೆ ಕೆಂಪು ರಾಡಿಯ ತೆಳ್ಳನೆ ಪದರ, ಮಳೆಗಾಲದ್ದು. ಅದಕ್ಕೂ ಕೆಳಗೆ ಬಾರ್ನಕಲ್ ಎನ್ನುವ ಗುಡಾರದಂಥ ಚಿಪ್ಪುಗಳು, ಜೋಳದ ಕಾಳಿನಷ್ಟೇ ಬೆಳೆದು ಸತ್ತವು. ಸತ್ತಾಗ ಅವಕ್ಕೆ ಎರಡು ಮೂರು ವಾರದ ವಯಸ್ಸು. ಮೇ ಕೊನೆಗೆ ಬಂದು ಕುಳಿತಿದ್ದವು, ಜೂನಿನಲ್ಲಿ ನದಿಯ ಸಿಹಿನೀರು ನುಗ್ಗಿ ಕೊಂದಿತ್ತು. ಆ ಸಿಹಿನೀರು ಎಲ್ಲಿಯದು? ಖಾನಾಪುರದ ಕಾಡಿನ ಮಳೆಯೇ ಹರಿದು ಮಾಂಡೋವಿಯಾಗುವುದು.

ಇನ್ನೂ ಒಂದು ಮಾತಿತ್ತು. ಒಂದು ಬಾರ್ನಕಲ್ ಮುಚ್ಚಳ ಮತ್ತು ಡಬ್ಬಿ ಕೂಡುವ ಗೆರೆಯ ಮೇಲೆಯೇ ಅಡ್ಡಲಾಗಿ ಕುಳಿತಿತ್ತು. ಒಂದು ಬಿರುಕೂ ಇರಲಿಲ್ಲ. ಜೂನಿನಿಂದ ಈಚೆಗೆ ಆ ಮುಚ್ಚಳವನ್ನು ಯಾರೂ ತೆಗೆದಿಲ್ಲ.

“ಮಳಿಗಾಲದ ಮದಲ,” ಎಂದೆ.

ಹುಸೇನಪೀರ ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡ. ಆಮೇಲೆ, “ಅಕ್ಕಾರ, ದೀಪಾವಳಿ ಆದಮ್ಯಾಲೆ ಬಿದ್ದದ್ದು ಅಂತ ಬರದಬಿಡ್ರಿ. ಯಾರಿಗ ತಿಳೀತೈತಿ? ಖಾನಾಪುರದಾಗ ಹುಳದ ಲೆಕ್ಕಾ ಓದಾವ್ರು ಯಾರದಾರ?”

“ಓದಾವ್ರು ಇಲ್ಲ ಅಂತನ ಸುಳ್ಳ ಬರೀಬಾರದು.”

“ಆಕಿನೂ ಒಬ್ಬಾಕಿ ತಾಯಿ ಅದಾಳ್ರಿ.”

“ನನಗ ಹೇಳಬ್ಯಾಡ ಅದ್ನ,” ಎಂದೆ, ನನಗೇ ಕೇಳಿಸುವಷ್ಟು ಗಡುಸಾಗಿ. ಅಂದು ಮನೆಗೆ ಹೋದಾಗ ಸಣ್ಣ ಮಗಳು ಹಸಿವೆಯಿಂದ ನೆರೆಮನೆಯ ಕಟ್ಟೆಯ ಮೇಲೆ ನಿದ್ದೆ ಹೋಗಿದ್ದಳು.

ಸೋಮವಾರ ರಜೆ ಹಾಕಿದೆ. ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಖಾನಾಪುರದ ಬಸ್ಸಿನಲ್ಲಿ ಕುಳಿತೆ, ಬಾಜು ಹುಸೇನಪೀರ. ಕಾಲೇಜಿನ ಕಾಗದದ ಮೇಲೆ ಬರೆದು ಸಹಿ ಹಾಕಿದ ಚೀಟಿ ನನ್ನ ಪರ್ಸಿನಲ್ಲಿತ್ತು: ಮಳೆಗಾಲಕ್ಕೆ ಮುಂಚಿನಿಂದ ನೀರಿನಲ್ಲಿದೆ, ಅಂದಿನಿಂದ ಮುಚ್ಚಳ ತೆಗೆದಿಲ್ಲ. ರಸ್ತೆಯ ಎರಡೂ ಕಡೆ ಮರಗಳು. ಪ್ರತಿಯೊಂದು ಮರದ ನೆರಳು ಕಿಟಕಿಯಿಂದ ಹಾದಾಗಲೂ ಹುಳಗಳು ಒಳಗೆ ಹೋಗುವವು, ಬಿಸಿಲು ಬಿದ್ದಾಗ ಹೊರಬರುವವು. ಒಳಗೆ, ಹೊರಗೆ. ಮುಂದಿನ ಸೀಟಿನ ಅಜ್ಜಿಯೊಬ್ಬಳು ತಿರುಗಿ ನೋಡಿ ಮರಾಠಿಯಲ್ಲಿ ಏನದು ಎಂದು ಕೇಳಿದಳು. ಔಷಧ ಎಂದ ಹುಸೇನಪೀರ. ಅವಳು ಸ್ವಲ್ಪ ಹೊತ್ತು ನೋಡಿ, ಉಸಿರಾಡುವ ಔಷಧ ಬೇಡಪ್ಪ ಎಂದು ಎದ್ದು ಹಿಂದೆ ಹೋಗಿ ಕುಳಿತಳು. ಖಾನಾಪುರ ಹತ್ತಿರ ಬರುತ್ತಿದ್ದಂತೆ ನೆರಳಿಗೆ ಹುಳಗಳು ಒಳಗೆ ಹೋಗುವುದು ಕಡಿಮೆಯಾಯಿತು. ದಣಿಯುತ್ತವೆ, ಒಗ್ಗಿಕೊಳ್ಳುತ್ತವೆ ಎಂದು ಪುಸ್ತಕದಲ್ಲಿದೆ.

ಸತ್ಯಪ್ಪನವರ ಮನೆಯ ಪಡಸಾಲೆಯಲ್ಲಿ ಕಟ್ಟಿಗೆಯ ಹೊಟ್ಟಿನ ವಾಸನೆ. ಗೋಡೆಗೆ ಸಾಲಾಗಿ ಉಳಿ, ಬಾಚಿ, ಗರಗಸ. ಅರವತ್ತು ದಾಟಿದ, ಗಟ್ಟಿ ಕೈಗಳ ಮನುಷ್ಯ. ಈರಯ್ಯನವರು ಆಗಲೇ ಬಂದು ಚಾಪೆಯ ಮೇಲೆ ಕುಳಿತಿದ್ದರು.

“ಬರ್ರಿ ಅಕ್ಕಾರ, ಕುಂದರ್ರಿ,” ಎಂದರು ಸತ್ಯಪ್ಪನವರು. ನಂತರ ಒಳಗಿನ ಬಾಗಿಲ ಕಡೆ ಮುಖ ಮಾಡಿ, ದನಿ ಬದಲಿಸಿ, “ನೀರ ತಾ ಬೆ. ಗಂಡನ ಕರಡಿಗಿ ಬಂದೈತಿ, ಗಂಡ ಎಂದ ಬರ್ತಾನ ಕೇಳೂಣು.”

ಬಾಳವ್ವ ತಂಬಿಗೆ ಹಿಡಿದು ಬಂದಳು. ಇಪ್ಪತ್ತು ಇಪ್ಪತ್ತೆರಡರ ಹುಡುಗಿ. ಹೊಟ್ಟೆಯ ಮೇಲೆ ಸೆರಗು ಬಿಗಿದಿದ್ದಳು. ಮಾವನ ಮಾತು ಕೇಳಿಸಲೇ ಇಲ್ಲವೆಂಬಂತೆ ತಂಬಿಗೆ ಇಟ್ಟು ಭರಣಿಯ ಮೇಲೆ ಬಾಗಿದಳು. ಅವಳ ನೆರಳು ಪೂರ್ತಿ ಭರಣಿಯ ಮೇಲೆ ಬಿತ್ತು. ಒಂದು ಹುಳವೂ ಅಲುಗಾಡಲಿಲ್ಲ. ಎಲ್ಲ ತುರಾಯಿಗಳೂ ಅರಳಿಯೇ ಇದ್ದವು.

ದಣಿದಿವೆ ಎಂದುಕೊಂಡೆ. ಅವಳು ಸರಿದ ಮೇಲೆ ನನ್ನ ಕೈಯನ್ನು ಭರಣಿಯ ಮೇಲೆ ಹಾಯಿಸಿದೆ. ಎಲ್ಲವೂ ತಟ್ಟನೆ ಮುಚ್ಚಿಕೊಂಡವು.

“ಹೇಳ ನೋಡೂಣು ಅಕ್ಕಾರ ಮುಂದ,” ಎಂದರು ಸತ್ಯಪ್ಪನವರು ಸೊಸೆಗೆ. “ಹೆಂಗ ಬಂದಿದ್ದ?”

ಬಾಳವ್ವ ನನ್ನನ್ನೇ ನೋಡಿ ಹೇಳಿದಳು. “ಶ್ರಾವಣದ ಎರಡನೇ ಸೋಮವಾರ್ರಿ. ಇವರೆಲ್ಲ ಭತ್ತದ ನಾಟಿಗೆ ಹೋಗಿದ್ರು. ಮಟಮಟ ಮಧ್ಯಾನ, ಜಡಿ ಮಳಿ. ಹಿತ್ತಲ ಬಾಗಲದಾಗ ಬಂದು ನಿಂತ್ರು. ಮಳಿಯಾಗ ತೋಯ್ದಾರ ಅಂತ ವಸ್ತ್ರ ಕೊಟ್ಟೆ. ಎಷ್ಟ ಒರಸಿದ್ರೂ ನೀರ ಇಳಿಯೂದು ನಿಂದರಲಿಲ್ಲ. ಹಸದೀನಿ ಅಂದ್ರು. ಅನ್ನಾ ಸಾರು ನೀಡಿದೆ. ಉಪ್ಪಿನ ಡಬ್ಬಿ ಮುಂದ ಇಟ್ರ ಅತ್ತಾಗ ಸರಸಿದ್ರು. ಉಪ್ಪು ಸಾಕಾಗೇತಿ ಅಂದ್ರು.”

“ಮಾವಾರ ಬರೂತನಾ ಯಾಕ ನಿಂದರಲಿಲ್ಲ?” ಎಂದು ಈರಯ್ಯನವರು ಮೆತ್ತಗೆ ಕೇಳಿದರು.

“ಕೇಳಿದೆನ್ರಿ ಅಯ್ಯಾರ. ಅಲ್ಲಿ ಕೆಲಸ ಮುಗದಿಲ್ಲ ಅಂದ್ರು. ಸಂಜಿ ಮುಂದ ಎದ್ದು ನದೀ ದಾರಿ ಹಿಡದ್ರು. ಊರಿನ ಬಸ್ ನಿಂದ್ರೂದು ಈ ಕಡಿಗೆ ಐತಿ. ಅವ್ರು ಆ ಕಡಿಗೆ ಹೋದ್ರು.”

“ಕತಿ ಛಲೋ ಕಟ್ಯಾಳ,” ಎಂದರು ಸತ್ಯಪ್ಪನವರು. “ಅಕ್ಕಾರ, ನೀವು ಏನಂತೀರಿ?”

ಚೀಟಿ ಕೊಟ್ಟೆ. ಈರಯ್ಯನವರು ಗಟ್ಟಿಯಾಗಿ ಓದಿದರು. ಮಳೆಗಾಲಕ್ಕೆ ಮುಂಚಿನಿಂದ. ಬಾಳವ್ವ ಗೋಡೆಗೆ ಒರಗಿದಳು, ಅಷ್ಟೇ. ಬಾಗಿಲ ಹೊರಗೆ ಕುಳಿತಿದ್ದ ಹುಸೇನಪೀರ ತಲೆ ಎತ್ತಲಿಲ್ಲ.

“ಇನ್ನೇನ ಉಳೀತು,” ಎಂದರು ಸತ್ಯಪ್ಪನವರು. “ಅಯ್ಯಾರ, ಲಿಂಗ ತಗದು ಮಣ್ಣ ಮಾಡೂಣು. ನನ್ನ ಮಗಂದು ಅಷ್ಟರ ಸಿಗಲಿ. ಆಮ್ಯಾಲೆ ಈಕಿದ ನೋಡೂಣು.”

ಈರಯ್ಯನವರು ಮಂತ್ರ ಹೇಳಿ ಕರಡಿಗೆಯನ್ನು ನೀರಿನಿಂದ ಎತ್ತಿದರು. ಹುಳಗಳು ಕೊಳವೆಯೊಳಗೆ ಸೇರಿಕೊಂಡವು. ಸತ್ಯಪ್ಪನವರು ಎಲ್ಲಕ್ಕಿಂತ ತೆಳ್ಳಗಿನ ಉಳಿ ತಂದು ಗೆರೆಗೆ ಹಚ್ಚಿದರು. “ನನ್ನ ಕೈಯಾಗಿನ ಜೋಡಣಿ ಇದು. ದಾರದ ತೂತು ಬಿಟ್ರ ಇರವಿ ಹೋಗಾಕ ಸಂದಿಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. ಗೆರೆಯ ಮೇಲಿನ ಬಾರ್ನಕಲ್ ಒಡೆಯಿತು. ಮುಚ್ಚಳ ಬಂತು.

ಕರಡಿಗೆ ಖಾಲಿ ಇತ್ತು.

ಸತ್ಯಪ್ಪನವರು ಡಬ್ಬಿಯನ್ನು ಓರೆ ಮಾಡಿದರು, ಒಂದಿಷ್ಟು ನೀರು ಸುರಿಯಿತು. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ನಿಧಾನವಾಗಿ ಬೇರೆಯಾಯಿತು.

“ಲಿಂಗ ಇಲ್ಲ,” ಎಂದರು. “ಅಯ್ಯಾರ, ಲಿಂಗ ಇಲ್ಲ! ದೋಣಿ ಮುಳಗೂ ಹೊತ್ತಿಗೆ ಲಿಂಗ ಕೈಯಾಗ ಹಿಡಕೊಂಡು ಹೊಂಟಾನ ನನ್ನ ಮಗಾ. ಬಿಟ್ಟಿಲ್ಲ. ಡಬ್ಬಿ ಬಿಟ್ಟಾನ, ಲಿಂಗ ಬಿಟ್ಟಿಲ್ಲ!”

“ಜೂನಿನಿಂದ ಮುಚ್ಚಳ ತಗದಿಲ್ಲ ಅಂತ ಅಕ್ಕಾರ ಬರದಾರ,” ಎಂದರು ಈರಯ್ಯನವರು ಚೀಟಿಯ ಮೇಲೆ ಬೆರಳಿಟ್ಟು. “ಅಂದ್ರ ಅದಕ್ಕೂ ಮದಲ ತಗೊಂಡಾನ. ಲಿಂಗ ಇದ್ದಾಂವ ಶ್ರಾವಣದಾಗ ಮನಿಗೆ ಬಂದಿದ್ದ ಅಂದ್ರ ಬಂದಿದ್ದ. ಸತ್ಯಪ್ಪಾ, ಹೆಣ್ಣಮಗಳಿಗೆ ಭಾಳ ಅಂದಿ.”

ಸತ್ಯಪ್ಪನವರು ಸೊಸೆಯ ಕಡೆ ನೋಡಲಾರದೆ ಉಳಿಯನ್ನು ಒರೆಸತೊಡಗಿದರು, ಒರೆಸಿದ್ದನ್ನೇ ಒರೆಸಿದರು. ಕರಡಿಗೆಯನ್ನು ನನ್ನ ಕೈಗಿಟ್ಟರು. “ನೋಡ್ರಿ ಅಕ್ಕಾರ. ನೀವು ಹೇಳಿದ ಮ್ಯಾಲೆ ಮುಗೀತು.”

ನಾನು ಒಳಗೆ ನೋಡಿದೆ.

ದಾರದ ತೂತಿನಿಂದ ಮರಿಹುಳಗಳು ಒಳಗೂ ಹೋಗಿದ್ದವು. ಹುಟ್ಟಿದಾಗ ಅವು ಧೂಳಿನ ಕಣದಷ್ಟು, ಸೂಜಿ ಹೋಗುವ ಸಂದು ಅವಕ್ಕೆ ಸಾಕು. ಒಳಗೋಡೆಯ ತುಂಬ ಕೊಳವೆ ಕಟ್ಟಿದ್ದವು. ಆದರೆ ಅಡ್ಡಾದಿಡ್ಡಿ ಕಟ್ಟಿರಲಿಲ್ಲ. ನಡುವೆ ಪಾವಲಿ ನಾಣ್ಯದಷ್ಟು ಜಾಗ ಬಿಟ್ಟು, ಸುತ್ತಲೂ ಬಾಗಿ, ಮೇಲೆ ಒಂದಕ್ಕೊಂದು ತಬ್ಬಿಕೊಂಡು ನಿಂತಿದ್ದವು. ನಡುವಿನ ಕಟ್ಟಿಗೆ ನಿನ್ನೆ ಒರೆಸಿಟ್ಟ ಹಾಗೆ ಹೊಳೆಯುತ್ತಿತ್ತು. ಆ ಹೊಳಪಿನ ಮೇಲೆ, ಕೊಳವೆಗಳ ನಡುವೆ, ಒಂದು ಪೊಳ್ಳು. ಕೆಳಗೆ ಅಗಲ, ಮೇಲೆ ದುಂಡು. ನಮ್ಮ ಮನೆಯಲ್ಲಿ ದಿನವೂ ಅಂಗೈಯಲ್ಲಿಟ್ಟು ಪೂಜಿಸುವ ಆಕಾರ.

ಹುಳ ಕೊಳವೆ ಕಟ್ಟುವಾಗ ಅಡ್ಡ ಏನಾದರೂ ಇದ್ದರೆ ಮಾತ್ರ ಹೀಗೆ ಸುತ್ತಿ ಬಾಗುತ್ತದೆ. ಅವು ಕಟ್ಟುವಾಗ ಲಿಂಗ ಒಳಗಿತ್ತು. ಕಿರುಬೆರಳಿನಷ್ಟು ಉದ್ದದ ಕೊಳವೆಗಳು, ಮಳೆಗಾಲ ಕಳೆದು ಬಂದವು, ಅಷ್ಟು ಬೆಳೆಯಲು ಎರಡು ತಿಂಗಳಾದರೂ ಬೇಕು. ದೀಪಾವಳಿ ಕಳೆಯುವ ತನಕವಾದರೂ ಅದು ಒಳಗೇ ಇತ್ತು. ಆಮೇಲೆ ಇರಲಿಲ್ಲ. ಹೊರಗೆ ಜೂನಿನಿಂದ ಮುಚ್ಚಿದ ಮುಚ್ಚಳ. ಒಳಗೆ ಒಂದು ಕೊಳವೆಯೂ ಮುರಿದಿರಲಿಲ್ಲ. ನಾನು ಎರಡು ಸಲ ನೋಡಿದೆ, ಬೆರಳ ತುದಿಯಿಂದ ಮುಟ್ಟಿಯೂ ನೋಡಿದೆ.

ಹುಸೇನಪೀರ ಎದ್ದು ಬಂದು ನನ್ನ ಹೆಗಲ ಹಿಂದೆ ನಿಂತಿದ್ದ. ಅವನಿಗೂ ಈ ಹುಳಗಳ ಮನೆ ಗೊತ್ತು, ಸಾವಿರ ನೋಡಿದ್ದಾನೆ. ಒಳಗೆ ಒಮ್ಮೆ ನೋಡಿ, ಸದ್ದಿಲ್ಲದೆ ಹೊರಗೆ ಹೋದ.

“ಒಳಗ ಏನರ ಐತೇನ್ರಿ ಅಕ್ಕಾರ?” ಈರಯ್ಯನವರು ಕೇಳಿದರು.

ಬಾಳವ್ವ ಗೋಡೆಗೆ ಒರಗಿಯೇ ಇದ್ದಳು. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. ಒಳಗಿದ್ದದ್ದನ್ನು ಇದ್ದ ಹಾಗೆ ಹೇಳಿದರೆ, ಲಿಂಗ ಶ್ರಾವಣದಲ್ಲಿ ಸಮುದ್ರದ ತಳದಲ್ಲಿತ್ತು ಎಂದಾಗುತ್ತದೆ. ಅವರ ಲೆಕ್ಕದಲ್ಲಿ ಅವಳ ಗಂಡನೂ ಅಲ್ಲೇ ಇದ್ದ ಎಂದಾಗುತ್ತದೆ.

“ಏನೂ ಇಲ್ರಿ ಅಯ್ಯಾರ. ಖಾಲಿ ಐತಿ.”

ಸುಳ್ಳಲ್ಲ ಅದು. ಖಾಲಿಯೇ ಇತ್ತು.

“ಹಂಗಾರ ಇದ್ನ ತೊಳದು ಇಡೂಣು,” ಎಂದರು ಸತ್ಯಪ್ಪನವರು, ಮೂಗು ಏರಿಸುತ್ತ. “ಮಮ್ಮಗನಿಗೋ ಮಮ್ಮಗಳಿಗೋ ಆಕ್ಕೈತಿ. ಮತ್ತೊಂದ ಕೆತ್ತಾಕ ನನ್ನ ಕಣ್ಣ ಈಗ ಮದಲಿನಂಗ ಇಲ್ಲ.” ಅವರು ಕೈಚಾಚಿದರು. ನಾನು ಕೊಡಲಿಲ್ಲ.

“ನಾ ತೊಳದ ಕೊಡತೀನಿ. ಈ ಹುಳದ ಚೂರು ಭಾಳ ಚೂಪ ಇರ್ತಾವು. ಕೈಗೆ ಹೊಕ್ಕರ ಕೀವ ಆಕ್ಕೈತಿ.”

ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕುಳಿತು, ಪರ್ಸಿನಲ್ಲಿದ್ದ ಡಿಸೆಕ್ಷನ್ ಸೂಜಿಯಿಂದ ಮೊದಲು ಒಳಗಿನದನ್ನೇ ಕೆರೆಯತೊಡಗಿದೆ. ಹನ್ನೊಂದು ವರ್ಷದಲ್ಲಿ ಒಂದು ಮಾದರಿಯನ್ನೂ ನಾನು ಹಾಳುಮಾಡಿದವಳಲ್ಲ. ಕೊಳವೆಗಳು ಕಟಕಟ ಮುರಿಯುತ್ತಿದ್ದವು. ಬಾಳವ್ವ ತಂಬಿಗೆಯಿಂದ ನೀರು ಹಾಕುತ್ತ ನನ್ನ ಎದುರು ಕುಕ್ಕರುಗಾಲಲ್ಲಿ ಕುಳಿತಳು. ಪೊಳ್ಳಿನ ಅರ್ಧ ಭಾಗ ಇನ್ನೂ ಉಳಿದಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

“ಅಲ್ಲೇ ಇತ್ತಲ್ರಿ ಅಕ್ಕಾರ, ಅದು?”

ನನ್ನ ಕೈ ನಿಂತಿತು.

“ಹೆದರಬ್ಯಾಡ್ರಿ. ನಾ ಯಾರ ಮುಂದನೂ ಹೇಳೂದಿಲ್ಲ,” ಎಂದಳು, ನನಗೇ ಸಮಾಧಾನ ಹೇಳುವವಳಂತೆ. “ಶ್ರಾವಣದಾಗ ಬಂದಾಗ ಅವರ ಕೊರಳಾಗ ಏನೂ ಇರಲಿಲ್ಲ. ಲಿಂಗ ಎಲ್ಲಿ ಅಂತ ಕೇಳಿದೆ. ಅಲ್ಲೇ ಐತಿ, ಹುಳಾ ಕಾಯಾಕ ಹತ್ಯಾವ ಅಂದ್ರು. ಮತ್ತ ದೀಪಾವಳಿ ಆದಮ್ಯಾಲೆ ಒಂದ್ಸಲ ಬಂದಿದ್ರು. ಮಾವಾರಿಗೆ ಇದ್ನ ಹೇಳಿಲ್ಲ. ಹಿತ್ತಲ ಬಾಗಲದಾಗ ನಿಂತ ಕೈ ಚಾಚಿದ್ರು, ಅಂಗೈಯಾಗ ಅದು ಇತ್ತು. ಕೂಸಿಗೆ ತಗೋ ಅಂದ್ರು. ನಾ ಹೆದರಿ ತಗೋಲಿಲ್ಲ. ಈಗ ಬ್ಯಾಡ ಅಂದ್ರ ಎಂಟನೇ ತಿಂಗಳಿಗೆ ತರ್ತೀನಿ ಅಂದ್ರು.”

ಒಳಗಿನಿಂದ ಸತ್ಯಪ್ಪನವರ ದನಿ ಕೇಳಿತು. ಸೊಸೆಯನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಉಂಡಿಲ್ಲವಲ್ಲ ಬಾ ಎಂದು. ಬಾಳವ್ವ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡಳು.

“ಅದಕ್ಕ ಹೇಳಿದೆನ್ರಿ. ಡಬ್ಬಿ ಛಲೋ ಒಣಗಸಿ ಕೊಡ್ರಿ. ಈ ಸಲ ತಗೊಂಡಬಿಡ್ತೀನಿ.”

ಅವಳು ಒಳಗೆ ಹೋದಳು. ನಾನು ಉಳಿದ ಕೊಳವೆಗಳನ್ನೂ ಕೆರೆದೆ. ತಂಬಿಗೆಯ ನೀರು ಹಾಕಿ ಮೂರು ಸಲ ತೊಳೆದೆ. ಕಲ್ಲಿನ ಮೇಲೆ ಬಿಸಿಲಿತ್ತು. ಕರಡಿಗೆಯನ್ನೂ ಮುಚ್ಚಳವನ್ನೂ ಬೇರೆ ಬೇರೆಯಾಗಿ, ಬಾಯಿ ಮೇಲೆ ಮಾಡಿ ಇಟ್ಟು, ಒಣಗುವ ತನಕ ಅಲ್ಲೇ ಕುಳಿತೆ.